ಕುಮಾರಿ ರಾಧ ಮತ್ತು ಸಂಗಡಿಗರು

"ಯಾರನ್ನ ಕೇಳಿ ತಿಳ್ಕೊಂತು ಅದು?"

ದೊಡ್ಡಮುನಿಯಮ್ಮ ಹೀಗೆ ಕೇಳಿದಾಗ ಮೂರ್ತಿ ಉತ್ತರಕ್ಕಾಗಿ ತನ್ನ ಅಂಗಡಿಯ ಫ್ಯಾನುಗಳ ಕಡೆ ನೋಡಿದ. ಬಂಗಾರಪೇಟೆಯ ಬಜಾರಿನಲ್ಲಿ ಅವನದು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ. ಮಿಕ್ಸಿ, ಟಿ.ವಿ., ವಾಷಿಂಗ್ ಮಷೀನುಗಳ ನಡುವೆ ಈಚೆಗೆ ಹಳೆಯ ಪ್ಲೇಟು ಹಾಡಿಸುವ ಟರ್ನ್‌ಟೇಬಲ್ಲುಗಳೂ ಬಂದು ಕೂತಿದ್ದವು. ಅವನು ಹೇಳಿದ್ದು ಇಷ್ಟೆ: ಈ ಮಷೀನು ಫುಲ್ ಆಟೊಮ್ಯಾಟಿಕ್. ಗುಂಡಿ ಒತ್ತಿದರೆ ಮುಳ್ಳಿನ ಕಡ್ಡಿ ತಾನಾಗಿ ಏಳುತ್ತದೆ, ತಾನಾಗಿ ಕೂರುತ್ತದೆ, ಪ್ಲೇಟಿನ ಅಗಲ ನೋಡಿಕೊಂಡು ಎಷ್ಟು ಜೋರಾಗಿ ತಿರುಗಬೇಕೆಂದು ತಾನೇ ತಿಳಿದುಕೊಳ್ಳುತ್ತದೆ. ದೊಡ್ಡ ಪ್ಲೇಟಾದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು, ಸಣ್ಣದಾದರೆ ನಲವತ್ತೈದು. ಇದನ್ನು ಅವನು ಹೇಳಿದ್ದು ದೊಡ್ಡಮುನಿಯಮ್ಮನಿಗಲ್ಲ, ಅವಳ ಮಗ ನಾಗೇಶನಿಗೆ. ಬಂದಾಗಿನಿಂದ ಎಲ್ಲವನ್ನೂ ನಾಗೇಶನಿಗೇ ಹೇಳುತ್ತಿದ್ದ. ಸೆರಗಿನಲ್ಲಿ ಸುತ್ತಿದ ಸಣ್ಣ ಪ್ಲೇಟನ್ನು ಎದೆಗವುಚಿಕೊಂಡು ಬಂದಿದ್ದ ಅರವತ್ತೈದು ದಾಟಿದ ಹೆಂಗಸು ಅವನ ಲೆಕ್ಕದಲ್ಲಿ ಗಿರಾಕಿಯಲ್ಲ, ಗಿರಾಕಿಯ ಜೊತೆ ಬಂದ ಸಾಮಾನು.

"ಅದು ಸೆನ್ಸರ್ ಅಜ್ಜೀ. ಯಾರನ್ನೂ ಕೇಳಲ್ಲ."

"ಅದನ್ನೇ ನಾನೂ ಏಳ್ತಿರೋದು. ಕೇಳ್ಬೇಕಾಗಿತ್ತು."

ಅವಳು ತಂದ ಪ್ಲೇಟು ಮಷೀನಿನ ಮೇಲೆ ತಿರುಗುತ್ತಲೇ ಇತ್ತು. ಪೀಪಿಯಂಥ ಎಳೆ ದನಿ, ಅದರ ಹಿಂದೆ ಓಡೋಡಿ ಬರುವ ಹಾರ್ಮೋನಿಯಂ, ಎಲ್ಲದರ ಅಡಿಯಲ್ಲಿ ಜಿರಜಿರ ಎಂಬ ಗೀಚಲು.

*ತಿರುಗವ್ವ ತಾಯಿ ಕಲ್ಲವ್ವ, ತೆನೆ ತಂದೆ ತುಂಬ ಮಡಿಲವ್ವ...*

ಮಿಕ್ಸಿಯ ಜಾರು ಬದಲಾಯಿಸಲು ಬಂದಿದ್ದ ಒಬ್ಬ ಹಿರಿಯರು ಕೈಯಲ್ಲಿದ್ದ ಜಾರಿನ ಸಮೇತ ಹತ್ತಿರ ಬಂದರು. "ಅರೆರೆ, ಬೇಬಿ ರಾಧ ಅಲ್ವೇನ್ರೀ! ಟೆಂಟ್ ಸಿನಿಮಾಗೆ ಟಿಕೆಟ್ ಕೊಡೋ ಮುಂಚೆ ಹಾಕೋರು. ಒಂಬತ್ತು ವರ್ಷದ ಮಗು, ರಾಗಿ ಬೀಸೋ ಪದ ಎಂಗೆ ಆಡ್ತಾ ಐತೆ ನೋಡಿ!"

ದೊಡ್ಡಮುನಿಯಮ್ಮ ಕೈ ಚಾಚಿ ಮುಳ್ಳಿನ ಕಡ್ಡಿಯನ್ನು ಎತ್ತಿಬಿಟ್ಟಳು. ಮೂರ್ತಿ "ಅಯ್ಯಯ್ಯೋ, ಕೈ ಹಾಕ್ಬಾರ್ದು, ತಾನಾಗೇ ಏಳ್ಬೇಕು ಅದು" ಎಂದು ಬೊಬ್ಬೆ ಹಾಕಿದ.

"ಅದು ಏಳೋ ಒತ್ತಿಗೆ ನನ್ ಆಯಸ್ಸು ಮುಗೀತದೆ. ನಿಧಾನ ಮಾಡೋ ಗುಂಡಿ ಎಲ್ಲೈತೆ ತೋರ್ಸು."

"ಅಂಥದ್ದಿಲ್ಲ ಇದರಲ್ಲಿ. ಸಣ್ಣ ಪ್ಲೇಟ್ ಅಂದ್ರೆ ನಲವತ್ತೈದೇ. ಇಡೀ ಪ್ರಪಂಚದಲ್ಲಿ."

"ಅಂಗಾದ್ರೆ ಅದು ತೋರ್ಸು," ಎಂದು ಅವಳು ಮೂಲೆಯತ್ತ ಕೈ ಮಾಡಿದಳು. ಅಲ್ಲಿ ಹಿತ್ತಾಳೆಯ ದೊಡ್ಡ ಕಹಳೆ ಅರಳಿಸಿಕೊಂಡು ಒಂದು ಗ್ರಾಮಫೋನು ಕೂತಿತ್ತು, ಮೈಗೆಲ್ಲ ಬಳ್ಳಿಯ ಕೆತ್ತನೆ, ಬದಿಯಲ್ಲಿ ಕೀ ಕೊಡುವ ಹಿಡಿ. ಮೂರ್ತಿಯ ದನಿ ಸ್ವಲ್ಪ ತಗ್ಗಿತು. ಅದು ಹಾಡುವುದಿಲ್ಲವಂತೆ. ಒಳಗಿರುವುದು ಬ್ಲೂಟೂತ್ ಡಬ್ಬಿಯಂತೆ. ಕಲ್ಯಾಣ ಮಂಟಪದವರು ಗಂಡುಹೆಣ್ಣನ್ನು ಪಕ್ಕ ನಿಲ್ಲಿಸಿ ಫೋಟೊ ತೆಗೆಸಲು ಬಾಡಿಗೆಗೆ ಒಯ್ಯುತ್ತಾರಂತೆ.

ದೊಡ್ಡಮುನಿಯಮ್ಮ ಆ ಕಹಳೆಯೊಳಗೆ ಬಗ್ಗಿ ನೋಡಿದಳು. ಕರೆಯದ ಹಸುವಿನ ಕೆಚ್ಚಲು ನೋಡುವ ಹಾಗೆ ನೋಡಿ, ಪ್ಲೇಟನ್ನು ಮತ್ತೆ ಸೆರಗಿಗೆ ಸುತ್ತಿಕೊಂಡು ಹೊರಗೆ ನಡೆದಳು. ನಾಗೇಶ ಮೂರ್ತಿಗೆ ಕೈಮುಗಿದು ಹಿಂದೆ ಓಡಿದ. ಅವನ ಅರ್ಧ ಬದುಕು ಅಮ್ಮನ ಹಿಂದೆ ಹೀಗೆ ಕೈಮುಗಿಯುತ್ತ ಹೋಗಿತ್ತು.

ಇದಕ್ಕೆಲ್ಲ ಕಾರಣ ಬರುವ ಭಾನುವಾರದ ಸನ್ಮಾನ. ಅವರ ಊರು ಬೋಡಗುಟ್ಟಹಳ್ಳಿ, ಬಂಗಾರಪೇಟೆಗೂ ಚಿನ್ನದ ಗಣಿಯೂರಿಗೂ ನಡುವೆ. ಆ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ಒಂದೇ ಪ್ಲೇಟಿನಿಂದ, ಆ ಪ್ಲೇಟಿನಲ್ಲಿ ಹಾಡಿದ ಒಂಬತ್ತು ವರ್ಷದ ಕುಮಾರಿ ರಾಧಳಿಂದ. ರಾಧ ಈಗ ರಾಬರ್ಟ್‌ಸನ್‌ಪೇಟೆಯಲ್ಲಿ ಸಂಗೀತ ಶಾಲೆ ನಡೆಸುತ್ತಾಳೆ; ಬೋರ್ಡಿನ ಮೇಲೆ ಅಂದಿನ ಫ್ರಾಕಿನ ಫೋಟೊ ಇದೆ. ಯಾರೋ ಪುಣ್ಯಾತ್ಮರು ಟೆಂಟಿನ ಕಾಲದ ಹಾಡನ್ನು ಫೋನಿಗೇರಿಸಿದ ಮೇಲೆ ಈಚೆಗೆ ಅದು ಮದುವೆ ರೀಲುಗಳಲ್ಲೂ ಕುಣಿಯತೊಡಗಿತ್ತು. ಹಾಗಾಗಿ ಊರಿನ ಯುವಕ ಸಂಘದ ಕಾರ್ಯದರ್ಶಿ ಸುಧಾಕರ್ ಸನ್ಮಾನ ಇಟ್ಟುಕೊಂಡ. ಮುಂದಿನ ಪಂಚಾಯಿತಿ ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲವೆಂದು ಕೇಳದಿದ್ದವರಿಗೂ ಹೇಳುತ್ತಿದ್ದ.

ಹಾಡಿದ್ದು ರಾಧ ಅಲ್ಲ, ತಾನು ಎಂದು ದೊಡ್ಡಮುನಿಯಮ್ಮ ಹಿಂದೆಯೂ ಹೇಳಿದ್ದುಂಟು. ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೇಳಿದಳು, ಅವನು ನಕ್ಕ. ಆಮೇಲೆ ಮಕ್ಕಳಿಗೆ ಹೇಳಿದಳು. ಎಲ್ಲರ ಅಮ್ಮಂದಿರೂ ತಾವು ಒಂದು ಕಾಲಕ್ಕೆ ತೆಳ್ಳಗಿದ್ದೆವೆಂದು ಹೇಳುತ್ತಾರಲ್ಲ, ನಾಗೇಶ ಅದನ್ನು ಆ ಲೆಕ್ಕಕ್ಕೆ ಸೇರಿಸಿದ್ದ. ಯಾರು ಕೇಳಿದರೂ ಮಗುವಿನ ದನಿ, ಇನ್ನು ವಾದ ಏನಿದೆ? ಅವಳಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಟೆಂಟಿನ ಬೇಲಿಯಾಚೆ ನಿಂತು ಆ ಪೀಪಿ ದನಿ ಕೇಳಿಸಿಕೊಂಡಾಗ, ಇದು ನನ್ನದೇ ಆದರೆ ನನ್ನ ಗಂಟಲನ್ನು ಯಾರು ಹೀಗೆ ಹಿಚುಕಿದರು ಎಂದುಕೊಳ್ಳುತ್ತಿದ್ದಳು.

ಆದರೂ ಹೋದ ವಾರ ಸುಧಾಕರನ ಮನೆಗೆ ಹೋಗಿ ಹೇಳಿಯೇ ಬಂದಿದ್ದಳು. "ನೋಡಪ್ಪ, ಆ ಪ್ಲೇಟಿನಾಗೆ ಆಡಿದ್ದು ನಾನು. ರಾಧ ಮಗು ಅವತ್ತು ಬಾಯೇ ಬಿಡ್ಲಿಲ್ಲ." ಸುಧಾಕರ್ ಕನ್ನಡ ಎಂ.ಎ. ಮಾಡಿದವನು. ತಾಳ್ಮೆಯಿಂದ ಕೇಳಿಸಿಕೊಂಡ, ತಲೆಯಾಡಿಸಿದ, ಬರೆದುಕೊಂಡ. ಆಹ್ವಾನ ಪತ್ರಿಕೆ ಅಚ್ಚಾಗಿ ಬಂದಾಗ ಅದರಲ್ಲಿ ಹೀಗಿತ್ತು: "ಬಾಲ್ಯದಲ್ಲಿ ಶ್ರೀಮತಿ ರಾಧ ಅವರೊಂದಿಗೆ ಆಡಿ ಬೆಳೆದ ಶ್ರೀಮತಿ ದೊಡ್ಡಮುನಿಯಮ್ಮನವರು ಸಂಗಡಿಗರ ಪರವಾಗಿ ಹಾರ ಹಾಕುವರು."

ಅವರ ಕಡೆ ಹಾಲು ಆಲಾಗುತ್ತದೆ, ಹಸು ಅಸವಾಗುತ್ತದೆ, ಅದರಿಂದ ಯಾರ ಹೊಟ್ಟೆಯೂ ಕೆಟ್ಟಿಲ್ಲ. ಹಾಡಿದ್ದು ಆಡಿದ್ದಾದದ್ದು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ನಾಗೇಶ ಅದನ್ನು ಓದಿ ಹೇಳಿದ ದಿನ ಅವಳು ಮಧ್ಯಾಹ್ನದ ಮುದ್ದೆಯನ್ನೇ ಮುಟ್ಟಲಿಲ್ಲ.

"ಅವಳು ಒಂಬತ್ತು, ನಾನು ಇಪ್ಪತ್ತೊಂದು. ಆಡಿ ಬೆಳೆದ್ನಂತೆ! ಕುಂಟಾಬಿಲ್ಲೆ ಆಡ್ದೆ ಅಂತ ಬರ್ದಿಲ್ವಲ್ಲ, ಪುಣ್ಯ. ನಾಗೇಸ, ಬಂಡಿ ತೆಗಿ. ಪ್ಲೇಟು ತಿರುಗ್ಸೋ ಮಿಸೀನು ಬೇಕು ನಂಗೆ."

"ಫೋನಲ್ಲೇ ಐತಲ್ಲಮ್ಮ ಆ ಹಾಡು."

"ಫೋನಲ್ಲಿರೋದು ಓಡೋಗ್ತಿರೋ ಪದ. ನಾನು ಕೂತ್ಕೊಂಡು ಆಡಿದ್ದು."

ಬಂಗಾರಪೇಟೆ ಆಯಿತು, ಈಗ ನಾಗೇಶನ ಹಾಲಿನ ಟೆಂಪೊ ಗಣಿಯೂರಿನ ಕಡೆ ತಿರುಗಿತು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಬಿಳಿ ಧೂಳು ಗಾಳಿಗೆದ್ದು ಗಾಜಿಗೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ದೊಡ್ಡಮುನಿಯಮ್ಮ ಬೈಯುತ್ತಲೇ ಇದ್ದಳು: ಮೂರ್ತಿಯನ್ನು, ಅವನ ಕಹಳೆಯನ್ನು, ಸೆನ್ಸರನ್ನು, ಎಂ.ಎ.ಯನ್ನು. ಉರಿಗಾಂ ದಾಟುವಾಗ ಸತ್ತು ಹೋದವರ ಸರದಿ ಬಂತು.

"ಎಲ್ಲಾ ಆ ಕಂಟ್ರಾಕ್ಟ್ರು ವೆಂಕಟರಾಯಪ್ಪಂದು."

ವೆಂಕಟರಾಯಪ್ಪ ರಾಧಳ ಅಪ್ಪ. ಗಣಿಗೆ ಮರ ಸರಬರಾಜು ಮಾಡಿ ದುಡ್ಡು ಕಂಡವನು. ಮಗಳ ಹೆಸರು ಪ್ಲೇಟಿನ ಮೇಲೆ ಬರಬೇಕೆಂದು ತನ್ನ ಖರ್ಚಿನಲ್ಲೇ ಮದ್ರಾಸಿಗೆ ಹೊರಟ. ಊರಿನ ರಾಗಿ ಬೀಸುವ ಪದವನ್ನು ಮಗು ಹಾಡುವುದು, ಹಿಂದೆ ಸೊಲ್ಲು ಹಿಡಿಯಲು ಮೂವರು ಹೆಂಗಸರು. ಅವರಲ್ಲಿ ಒಬ್ಬಳು ದೊಡ್ಡಮುನಿಯಮ್ಮ, ಅವರ ಮನೆಗೆ ಹಾಲು ಹಾಕುತ್ತಿದ್ದವಳು. ನಿಜವಾದ ಸದ್ದು ಇರಲಿ ಎಂದು ಬೀಸುವ ಕಲ್ಲನ್ನೂ ರೈಲಿಗೆ ಹೇರಿಸಿದ್ದ. ಸ್ಟುಡಿಯೊದಲ್ಲಿ ಮೈಕು ಕಂಡದ್ದೇ ಮಗು ಬಾಯಿ ಕಟ್ಟಿಕೊಂಡಿತು. ಅಪ್ಪ ಗದರಿದ, ಮಿಠಾಯಿ ತರಿಸಿದ, ಮತ್ತೆ ಗದರಿದ. ಕೊನೆಗೆ ಮಗುವಿನ ಅಳು ನಿಲ್ಲಿಸಲೆಂದು ದೊಡ್ಡಮುನಿಯಮ್ಮ ಕಲ್ಲಿನ ಮುಂದೆ ಕೂತು, ಮಗುವನ್ನು ಎದುರಿಗೆ ಕೂರಿಸಿಕೊಂಡು, ಗೂಟಕ್ಕೆ ಅದರ ಕೈ ಹಚ್ಚಿ ತನ್ನ ಕೈಯಡಿಗೆ ಹಿಡಿದು ತಿರುಗಿಸುತ್ತ ಹಾಡಿದಳು. ಮಗು ಬಿಕ್ಕುವುದು ನಿಂತಿತು. ಕೈ ಮಾತ್ರ ಗೂಟ ಬಿಡಲಿಲ್ಲ. ಹಾರ್ಮೋನಿಯಂನವನು ಅವಳ ಹಿಂದೆ ನುಡಿಸಿದ, ಗಾಜಿನಾಚೆ ರೆಕಾರ್ಡು ಮಾಡಲು ಕೂತವನು ಅಷ್ಟರಲ್ಲಿ ಎಲ್ಲವನ್ನೂ ಹಿಡಿದುಬಿಟ್ಟಿದ್ದ. ಒಂದೇ ಒಂದು ಸಲ ವಾಪಸ್ಸು ಕೇಳಿಸಿದ. ಅದೇ ಕೊನೆ, ಅವಳು ತನ್ನ ದನಿಯನ್ನು ತನ್ನದಾಗಿ ಕೇಳಿದ್ದು.

ಪ್ಲೇಟು ಬಂದಾಗ ಮೇಲೆ ಬರೆದಿತ್ತು: ಕುಮಾರಿ ರಾಧ ಮತ್ತು ಸಂಗಡಿಗರು. ಕೇಳಿದ್ದಕ್ಕೆ ವೆಂಕಟರಾಯಪ್ಪ ಪ್ಲೇಟನ್ನೇ ಎತ್ತಿ ತೋರಿಸಿ, "ದೊಡ್ಡಮುನಿಯಮ್ಮ! ಇಷ್ಟುದ್ದದ ಹೆಸರು ಇಷ್ಟಗಲದ ಪ್ಲೇಟಿನ ಮೇಲೆ ಹಿಡಿಸ್ತದೇನಮ್ಮ?" ಎಂದಿದ್ದ. ನ್ಯಾಯವಾದ ಮಾತು ಎಂದು ಅಲ್ಲಿದ್ದವರೆಲ್ಲ ನಕ್ಕಿದ್ದರು. ಅವಳ ತಾಯಿಗೆ ಕೊಟ್ಟ ಒಂದು ಪ್ಲೇಟನ್ನು ಆ ತಾಯಿ ಮನೆಯ ಬೀಸುವ ಕಲ್ಲವ್ವನ ಪಕ್ಕ ಗೋಡೆಗೆ ಒರಗಿಸಿಟ್ಟು ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಹಚ್ಚಿದಳು. ನಡುವಿನ ಚೀಟಿಯಲ್ಲಿ ಈಗ ಕಾಣುವುದು ಮೇಲಿನ ಆ ಒಂದು ಸಾಲು ಮಾತ್ರ. ಕೆಳಗಿನ ಸಣ್ಣಕ್ಷರಗಳೆಲ್ಲ ಕುಂಕುಮದಡಿಗೆ ಹೋಗಿದ್ದವು.

ನಂದಿದುರ್ಗ ಮೈನ್ಸಿನ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಕುಪ್ಪುಸ್ವಾಮಿಯ ಮನೆ. ಟೆಂಟ್ ಸಿನಿಮಾದಲ್ಲಿ ಪ್ಲೇಟು ಹಾಕುವುದರಿಂದ ರೀಲು ಸುತ್ತುವವರೆಗೆ ಎಲ್ಲ ಅವನೇ ಆಗಿದ್ದ. ಟೆಂಟು ಬಿಚ್ಚಿದಾಗ ಸಂಬಳದ ಬಾಕಿಗೆಂದು ಪ್ಲೇಟಿನ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಆಮೇಲೆ ಲೈನಿನ ರೇಡಿಯೊಗಳನ್ನು ರಿಪೇರಿ ಮಾಡುತ್ತ ಇದ್ದಾನೆ. ಯಾವ ರೇಡಿಯೊವೂ ಅವನ ಕೈಯಿಂದ ಪೂರ್ತಿ ಸರಿಯಾಗಿ ಹೊರಬಂದದ್ದು ಯಾರಿಗೂ ನೆನಪಿಲ್ಲ.

"ಯಾರು, ಪಾಲ್ಕಾರಮ್ಮಾವಾ? ವಾಂಗ ವಾಂಗ," ಎಂದು ಅವನು ಮಂಚದ ಮೇಲಿನ ತಂತಿಗಳನ್ನು ಸರಿಸಿದ. ಲೈನಿಗೆ ಹಾಲು ತರುತ್ತಿದ್ದ ಕಾಲದಿಂದ ಅವಳಿಗೆ ಅಲ್ಲಿ ಅದೇ ಹೆಸರು.

"ಟೆಂಟಿನ ಮಿಸೀನು ಐತೇನಪ್ಪ ಇನ್ನೂ?"

"ಇದೆಮ್ಮಾ. ನನ್ಗೂ ಅದಕ್ಕೂ ಒಂದೇ ಕಾಯಿಲೆ. ಏಳೋಕೆ ಟೈಮ್ ತಗೊಳ್ಳುತ್ತೆ, ಎದ್ರೆ ಸುಮ್ನಿರಲ್ಲ."

ಮರದ ಪೆಟ್ಟಿಗೆ, ಮುಚ್ಚಳದೊಳಗೆ ಸ್ಪೀಕರು. ನಾಗೇಶ ಧೂಳು ಒರೆಸಿದ. ತಟ್ಟೆಯ ಪಕ್ಕದಲ್ಲಿ ಒಂದು ಚಿಕ್ಕ ಕಡ್ಡಿ, ಅದರ ಸುತ್ತ ನಾಲ್ಕು ಅಂಕಿಗಳು. ಕಡ್ಡಿಯನ್ನು ನಲವತ್ತೈದರ ಮೇಲೆ ನಿಲ್ಲಿಸಿ ತಂತಿ ಸುತ್ತಿ ಈಯ ಹಾಕಿ ಬೆಸೆದಿತ್ತು.

ದೊಡ್ಡಮುನಿಯಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇದೇನು, ಕಳ್ಳ ಅಸ ಕಟ್ಟಿದಂಗೆ ಕಟ್ಟೀದೀಯ?"

"ಜಾರ್ತಿತ್ತುಮ್ಮಾ. ಹಾಡು ನಡುವೆ ಜಾರಿ ಕೆಳಗೆ ಬಂದ್ರೆ ಸಾಮಿ ಪಾಟ್ಟು ಪೇಯಿ ಕೂಗ್ದಂಗೆ ಆಗೋದು. ಜನ ಸೋಡಾ ಬಾಟ್ಲು ಎಸೆಯೋರು. ಈಯ ಹಾಕ್ಬಿಟ್ಟೆ. ಆಮೇಲೆ ಟೆಂಟ್ ಮುಚ್ಚೋವರ್ಗೂ ಒಂದು ಕಂಪ್ಲೇಂಟ್ ಇಲ್ಲ."

"ನಲವತ್ತೈದಕ್ಕೇ ಯಾಕೆ ಆಕ್ದೆ?"

"ಚಿನ್ನ ಪ್ಲೇಟು ನಾಪ್ಪತ್ತಂಜಿ, ಪೆರಿಯ ಪ್ಲೇಟು ಮುಪ್ಪತ್ತಿಮೂಣು. ಅದು ರೂಲ್ಸು."

ತಮಿಳಿನಲ್ಲಿ ಚಿನ್ನ ಎಂದರೆ ಸಣ್ಣದು. ಈ ಊರಿನಲ್ಲಿ ಆ ಮಾತಿಗೆ ಎರಡು ಅರ್ಥಗಳೂ ನಡೆಯುತ್ತಿದ್ದವು. ಗಣಿ ಮುಚ್ಚಿದ ಮೇಲೆ ತಮಿಳಿನದೊಂದು ಉಳಿದಿದೆ.

ದೊಡ್ಡಮುನಿಯಮ್ಮನ ಮುಖ ಕೆಂಪೇರಿತು. "ಮೂರ್ತಿ ಅಂಗಡೀಲಿ ಮಿಸೀನು ಏಳಿದ್ದೂ ಇದೇ ಮಾತು. ಅದು ಸೆನ್ಸರು, ನೀನು ಕುಪ್ಪುಸಾಮಿ. ಸಣ್ಣದು ಅಂದ್ರೆ ಓಡ್ಸಿಬಿಡೋದಾ? ಸಣ್ಣದು ನಿಧಾನಕ್ಕೆ ಇರಬಾರ್ದಾ?"

"ಇರುತ್ತಾಮ್ಮಾ ಹಂಗೆ? ನೀನು ಹೆಂಗೆ ಹೇಳ್ತೀಯಾ?"

"ನಾನೇಳಲ್ಲ, ಕಲ್ಲು ಏಳ್ತದೆ." ಅವಳು ನೆಲದ ಮೇಲೆ ಕೂತೇಬಿಟ್ಟಳು. ಒಂದು ಕಾಲು ಚಾಚಿ, ಇಲ್ಲದ ಗೂಟವನ್ನು ಹಿಡಿದು ಕೈ ತಿರುಗಿಸಿದಳು. "ನೋಡು. ಇದು ರಾಗಿ ಬೀಸೋ ಓಟ. ಒಂದು ಸುತ್ತಿಗೆ ಒಂದು ಉಸ್ರು. ಈ ಕೈಗೆ ಆ ಪದ. ನಿನ್ ಟೆಂಟಿನ ಓಟಕ್ಕೆ ತಿರುಗ್ಸಿದ್ರೆ ರಾಗಿ ಇಟ್ಟಾಗಲ್ಲ, ಎಗರಿ ಓಗಿ ಗೋಡೆಗೆ ಬೀಳ್ತದೆ. ಅಂಗೆ ಯಾವ ಎಣ್ಣಾದ್ರೂ ಬೀಸ್ತಾಳಾ? ಅಷ್ಟು ವರ್ಸ ಟಿಕೀಟು ತಗೊಂಡು ಕೂತ್ರಲ್ಲ, ಒಬ್ಬಳ ಮನೇಲೂ ಕಲ್ಲಿರ್ಲಿಲ್ವಾ?"

ಕುಪ್ಪುಸ್ವಾಮಿ ನಾಗೇಶನ ಕಡೆ ನೋಡಿದ. "ತಂಬಿ, ಚೀಟಿ ಮೇಲೆ ನಂಬರ್ ಇರುತ್ತೆ. ಆ ಕುಂಕುಮ ಕೆರೆದು ನೋಡು. ರೂಲ್ಸ್ ಗೊತ್ತಾಗುತ್ತೆ."

ನಾಗೇಶ ಉಗುರು ಮುಂದೆ ಮಾಡಿದ. ಅಮ್ಮ ಅವನ ಕೈಮೇಲೆ ಪಟ್ಟನೆ ಹೊಡೆದಳು.

"ಕೆರೀಬೇಡ ಕಣ್ಲಾ, ಅವ್ವ ಇಟ್ಟ ಕುಂಕುಮ. ಆ ಚೀಟಿ ಒಂದು ಸಲ ಸುಳ್ಳು ಏಳೈತೆ, ಇನ್ನ ಅದರ ಸಾಕ್ಷಿ ಯಾವಳಿಗೆ ಬೇಕು? ಕುಪ್ಪುಸಾಮಿ, ಈಯ ಬಿಚ್ಚು."

ಅವನು ಬಿಚ್ಚುವುದಿಲ್ಲವೆಂದ. ಬಿಚ್ಚಿದರೆ ಮಷೀನು ಕೆಡುತ್ತದೆಂದ, ತನ್ನ ಹೆಸರು ಕೆಡುತ್ತದೆಂದ. ಕೊನೆಗೆ, ಕೆಟ್ಟರೆ ನನ್ನನ್ನು ಕೇಳಬಾರದು ಎಂದು ಮೂರು ಭಾಷೆಯಲ್ಲಿ ಹೇಳಿ ಬೆಸುಗೆಯ ಕಾದ ಕಡ್ಡಿ ಇಟ್ಟ. ಈಯ ಕರಗಿ ಹನಿಯಾಗಿ ಜಾರಿತು. ತಂತಿ ಬಿಡಿಸಿ ಕಡ್ಡಿಯನ್ನು ಮೂವತ್ತಮೂರಕ್ಕೆ ತಳ್ಳಿ, "ಪೇಯಿ ಬರುತ್ತೆ ನೋಡು ಈಗ" ಎಂದು ಮುಳ್ಳನ್ನಿಟ್ಟ.

ದೆವ್ವ ಬರಲಿಲ್ಲ. ಮೊದಲು ಗರ್ರ್ ಎಂದು ಒಂದು ಭಾರದ ಸದ್ದು, ನಿಂತು, ಮತ್ತೆ ಗರ್ರ್. ಅದರ ಮೇಲೆ ದನಿ ಎದ್ದಿತು. ತುಂಬಿದ, ಸ್ವಲ್ಪ ಒರಟಾದ, ಆತುರವೇ ಇಲ್ಲದ ಹರೆಯದ ಹೆಂಗಸಿನ ದನಿ. ಸಾಲಿನ ಕೊನೆಗೆ ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಅಷ್ಟು ವರ್ಷ ಅವಸರದಲ್ಲಿ ಓಡುತ್ತಿದ್ದ ಹಾರ್ಮೋನಿಯಂ ಈಗ ಅವಳ ಹಿಂದೆ ಕೈಕಟ್ಟಿ ನಡೆಯುತ್ತಿತ್ತು.

ನಾಗೇಶ ಎದ್ದು ಬಾಗಿಲಿಗೆ ಹೋಗಿ ಹೊರಗೆ ಮುಖ ಮಾಡಿ ನಿಂತ. ಹಾಲು ಕರೆಯುವಾಗ ಒದೆಯುವ ಹಸುವಿಗೆ ಅಮ್ಮ ಹೇಳುತ್ತಿದ್ದ ಪದದ ದನಿ ಅದು; ಅವನು ಕೊಟ್ಟಿಗೆಯ ಹೊಸ್ತಿಲಲ್ಲಿ ನಿದ್ದೆಗಣ್ಣಿನಲ್ಲಿ ಕೂತು ಕೇಳುತ್ತಿದ್ದದ್ದು. ಅದನ್ನು ಇನ್ನೊಬ್ಬಳ ಹೆಸರಿನಲ್ಲಿ ತನ್ನ ಮದುವೆಯಲ್ಲೇ ಮೈಕ್ ಸೆಟ್ಟಿನವನ ಕೈಲಿ ಹಾಕಿಸಿದ್ದ. "ಬೇಬಿ ರಾಧ ಹಾಕಪ್ಪ" ಎಂದು ಕೂಗಿ ಹೇಳಿದ್ದವನೂ ಅವನೇ. ಅಮ್ಮ ಅಂದು ಎಲೆಯ ಮುಂದಿಂದ ಎದ್ದು ಹೋಗಿದ್ದಳು. ಬಿಸಿಲಿಗೆ ತಲೆನೋವು ಅಂದುಕೊಂಡಿದ್ದರು.

"ಆ ಗರಗರ ಕಲ್ಲಾ?" ಎಂದ ಕುಪ್ಪುಸ್ವಾಮಿ. "ನಾನು ಪ್ಲೇಟ್ ಗೀಚಲು ಅಂತ ಎಷ್ಟು ಮುಳ್ಳು ಬದಲಾಯಿಸ್ದೆನಮ್ಮಾ ಅದಕ್ಕೆ!" ಸೋಲಬಾರದೆಂದು ಸೇರಿಸಿದ: "ಆದ್ರೂ ಸ್ಲೋ ಆಯ್ತು. ಜನಕ್ಕೆ ನಾಪ್ಪತ್ತಂಜಿನೇ ಇಷ್ಟ ಆಗುತ್ತೆ."

"ಈ ಮಿಸೀನೇ ಆಯ್ತು ನಾಗೇಸ," ಎಂದಳು ದೊಡ್ಡಮುನಿಯಮ್ಮ. "ಇದು ಏಳಿದ್ದು ಕೇಳ್ತದೆ."

ಭಾನುವಾರ ಸಮುದಾಯ ಭವನದ ಮುಂದೆ ಶಾಮಿಯಾನ ಎದ್ದಿತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಫ್ರಾಕಿನ ರಾಧ, ಅವಳಿಗಿಂತ ದೊಡ್ಡದಾಗಿ ಕೈಮುಗಿದ ಸುಧಾಕರ್. ನಾಗೇಶ ಪೆಟ್ಟಿಗೆಯನ್ನು ಹೊತ್ತು ವೇದಿಕೆಗೆ ಏರಿಸಿದ. ಮಷೀನು ತನ್ನನ್ನು ಬಿಟ್ಟು ಎಲ್ಲೂ ಹೋಗುವುದಿಲ್ಲವೆಂದು ಕುಪ್ಪುಸ್ವಾಮಿಯೂ ಇಸ್ತ್ರಿ ಷರ್ಟು ತೊಟ್ಟು ಬಂದಿದ್ದ.

"ಏನಣ್ಣಾ ಇದು?" ಎಂದು ಸುಧಾಕರ್ ಓಡಿಬಂದ. "ಕಾರ್ಯಕ್ರಮ ಫಿಕ್ಸ್ ಆಗಿದೆ. ಹಾಡು ಫೋನಿಂದ, ಸ್ಪೀಕರ್‌ಗೆ ಕನೆಕ್ಟ್ ಮಾಡಿದೀವಿ. ಮೇಡಂ ಬರೋ ಹೊತ್ತು. ಇದನ್ನ ಕೆಳಗಿಳಿಸಿ."

"ಸನ್ಮಾನ ಪ್ಲೇಟಿಂದೋ ಫೋನಿಂದೋ?" ನಾಗೇಶ ಮೊದಲ ಸಲ ಯಾರಿಗೂ ಕೈಮುಗಿಯದೆ ಕೇಳಿದ. "ಪ್ಲೇಟಿಂದಾದ್ರೆ ಪ್ಲೇಟೇ ಹಾಡ್ಲಿ."

"ಅಜ್ಜಿಯವರನ್ನ ಗೌರವಿಸಿದೀವಲ್ಲಣ್ಣ, ಇನ್ವಿಟೇಷನ್‌ನಲ್ಲೇ ಹಾಕಿದೀವಿ..."

"ಅದನ್ನೇ ಮಾತಾಡೋಕೆ ಬಂದಿರೋದು," ಎಂದಳು ದೊಡ್ಡಮುನಿಯಮ್ಮ.

ಅಷ್ಟರಲ್ಲಿ ರಾಧ ಕಾರಿನಿಂದಿಳಿದಳು. ಐವತ್ತು ದಾಟಿದ ಮೈ, ಮೈಸೂರು ಸಿಲ್ಕು, ಜೊತೆಗೆ ಇಬ್ಬರು ಶಿಷ್ಯೆಯರು. ವೇದಿಕೆ ಹತ್ತುವಾಗ ಪೆಟ್ಟಿಗೆಯನ್ನು ನೋಡಿ, ಆಮೇಲೆ ದೊಡ್ಡಮುನಿಯಮ್ಮನನ್ನು ನೋಡಿ, "ಚೆನ್ನಾಗಿದೀರಾ ಅಕ್ಕ?" ಎಂದಳು. ಉತ್ತರಕ್ಕೆ ನಿಲ್ಲದೆ ತನ್ನ ಕುರ್ಚಿಯಲ್ಲಿ ಕೂತಳು. ಭಾಷಣಗಳಾದವು. ಮಗುವಿನ ಪ್ರತಿಭೆ, ಊರಿನ ಕೀರ್ತಿ, ಜಾನಪದದ ಉಳಿವು. ಪ್ರತಿ ಭಾಷಣದಲ್ಲೂ ಒಂಬತ್ತು ವರ್ಷ ಬಂತು, ಪ್ರತಿ ಸಲವೂ ಚಪ್ಪಾಳೆ ಬಿತ್ತು. ರಾಧ ಪ್ರತಿ ಚಪ್ಪಾಳೆಗೂ ತಲೆ ಬಾಗಿಸಿದಳು. ಶಾಲು ಹೊದಿಸಿದರು. "ಈಗ ಸಂಗಡಿಗರ ಪರವಾಗಿ..." ಎಂದು ಸುಧಾಕರ್ ಕರೆದ.

ದೊಡ್ಡಮುನಿಯಮ್ಮ ಹಾರದ ತಟ್ಟೆಯನ್ನು ಬಿಟ್ಟು ಮೈಕಿನ ಹತ್ತಿರ ಹೋದಳು. ವಾರವಿಡೀ ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ಒಂದಕ್ಷರ ಅಭ್ಯಾಸ ಮಾಡಿದ್ದಳು. ಹಸುಗಳು ಬೆದರಿದ್ದವು.

"ಈ ಪ್ಲೇಟಿನಾಗೆ ಹ... ಹಾಡಿದ್ದು ನಾನು," ಎಂದಳು. ಆ ಹಕಾರ ಮೈಕಿನಲ್ಲಿ ಗಾಳಿ ನುಗ್ಗಿದ ಹಾಗೆ ಶಾಮಿಯಾನದ ತುಂಬ ಬೀಸಿತು. "ಹಾಡಿದ್ದು. ಆಡಿದ್ದಲ್ಲ. ಎಂ.ಎ. ಓದಿದೋರು ತಿದ್ಕೊಬೇಕು. ನಾಗೇಸ, ಆಕು."

ಜನ ನಕ್ಕರು. ನಾಗೇಶ ಮುಳ್ಳನ್ನಿಟ್ಟ, ಮೈಕನ್ನು ಸ್ಪೀಕರಿನ ಬಾಯಿಗೆ ಹಿಡಿದ.

ಗರ್ರ್ ಎಂದಿತು. ಮತ್ತೆ ಗರ್ರ್. *ತಿರುಗವ್ವ ತಾಯಿ ಕಲ್ಲವ್ವ...*

ಮೊದಲ ಸಾಲಿನವರೆಗೆ ನಗು ಉಳಿದಿತ್ತು, ಎರಡನೆಯದಕ್ಕೆ ಗುಸುಗುಸು ಎದ್ದಿತು. "ಇದ್ಯಾರ್ಲಾ ಇದು?" "ರಾಧಮ್ಮಂದಲ್ಲ ಕಣ್ಲಾ." "ಮಿಸೀನು ಕೆಟ್ಟೋಗೈತೆ." ಮುಂದಿನ ಚಾಪೆಯಲ್ಲಿ ಕೂತ ಮುದುಕಿಯರು ಮಾತ್ರ ಕಿವಿಗೊಟ್ಟರು. ಒಬ್ಬಳ ಬಲಗೈ ಮಡಿಲಿನಿಂದೆದ್ದು ಸುಮ್ಮನೆ ಗಾಳಿಯಲ್ಲಿ ಸುತ್ತತೊಡಗಿತು, ಪಕ್ಕದವಳದೂ.

"ಸ್ಪೀಡ್ ಕಡಿಮೆ ಆಗಿದೆ!" ಸುಧಾಕರ್ ಕುಪ್ಪುಸ್ವಾಮಿಯ ಕಡೆ ಕೈ ಬೀಸಿದ. "ನೋಡ್ತಾ ಏನು ನಿಂತಿದೀರಾ? ಮೊದಲಿನ ಥರ ಹಾಕ್ರಿ!"

ಕುಪ್ಪುಸ್ವಾಮಿ ಇಂಥ ಒಂದು ಮಾತಿಗೇ ಕಾದಿದ್ದವನು. "ನಾನು ಹೇಳಿದ್ದೂ ಅದೇ ಸಾರ್," ಎಂದು ಉತ್ಸಾಹದಿಂದ ಬಗ್ಗಿ ಕಡ್ಡಿಯ ಮೇಲೆ ಬೆರಳಿಟ್ಟ. ನಾಗೇಶನ ಎರಡು ಕೈಯಲ್ಲೂ ಮೈಕು ಇತ್ತು. ದೊಡ್ಡಮುನಿಯಮ್ಮ ಅತ್ತ ತಿರುಗುವಷ್ಟರಲ್ಲಿ ಕುರ್ಚಿಯಿಂದ ಒಂದು ದನಿ ಬಂತು.

"ಬಿಡಿ. ಇರ್ಲಿ ಅದು."

ರಾಧ ಅಷ್ಟೇ ಹೇಳಿದ್ದು. ಕುಪ್ಪುಸ್ವಾಮಿಯ ಬೆರಳು ಹಿಂದೆ ಸರಿಯಿತು. ಅವಳು ಯಾರನ್ನೂ ನೋಡುತ್ತಿರಲಿಲ್ಲ.

ದೊಡ್ಡಮುನಿಯಮ್ಮನ ಬಾಯಲ್ಲಿ ಇನ್ನೂ ಬಹಳ ಮಾತಿತ್ತು. ಬಂಗಾರಪೇಟೆಯಿಂದ ಕೂಡಿಸಿಕೊಂಡು ಬಂದದ್ದು, ಅದಕ್ಕೂ ಹಿಂದಿನಿಂದ ಕೂಡಿಸಿಕೊಂಡು ಬಂದದ್ದು. ರಾಧಳ ಎದುರಿಗೆ ಹೋಗಿ ನಿಂತಳು. ಆಗ ಕಂಡಿತು. ಮಡಿಲಿನ ಮೇಲೆ ಇಳಿಬಿದ್ದ ಹೊಸ ಶಾಲಿನ ಅಡಿಯಲ್ಲಿ ಏನೋ ಅಲುಗುತ್ತಿತ್ತು. ಶಾಲಿನ ಜರಿಯಂಚು ಅತ್ತ ಹೋಗಿ, ಸುತ್ತಿ, ಇತ್ತ ಬರುತ್ತಿತ್ತು. ಗರ್ರ್ ಎಂದಾಗ ಅತ್ತ, ಉಸಿರಿಗೆ ಇತ್ತ.

ಹಾಡು ಮುಗಿಯಿತು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮುಳ್ಳು ಕೊನೆಯ ಗೆರೆಯಲ್ಲೇ ಸಿಕ್ಕಿಕೊಂಡು ಟಕ್, ಟಕ್ ಎಂದು ಸುತ್ತುತ್ತಿತ್ತು. ಅದನ್ನು ಎತ್ತಲು ಯಾರೂ ಏಳಲಿಲ್ಲ. ಶಾಲಿನೊಳಗೆ ಇಲ್ಲದ ಗೂಟ ಹಿಡಿದ ಕೈ ಇನ್ನೂ ನಿಂತಿರಲಿಲ್ಲ.